ಝಕಾತ್ ಹಣ ಮತ್ತು ಮೂವರು ಯುವಕರು: ಮಂಗಳೂರಿನ ಹೊರವಲಯದ ಒಂದು ಜಮಾಅತಿನ ಪ್ರಕರಣ

ಕರಾವಳಿಯ ಮುಸ್ಲಿಂ ಯುವಕರು ಎಂದೊಡನೆ ಸುದ್ದಿಮನೆಗಳಿಗೆ ನೆನಪಾಗುವ ಸಂಗತಿಗಳು ಎರಡೋ ಮೂರೋ ಇವೆ. 2021ರ ಡಿಸೆಂಬರಿನಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ ಹೊರಟ ಹಿಜಾಬ್ ವಿವಾದ, 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪು, 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆಯ ವಿರುದ್ಧ ಅಡ್ಯಾರಿನಲ್ಲಿ ಸೇರಿದ ಜನಸ್ತೋಮ. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಇಪ್ಪತ್ತೈದು ವರ್ಷದ ಹುಡುಗನೊಬ್ಬ ಮುಂದಾಳಾಗಬಲ್ಲನೇ ಎಂಬುದು ತೀರ್ಮಾನವಾಗುವುದು ಬೇರೆ ಕಡೆ: ಶುಕ್ರವಾರದ ಜುಮಾ ಮುಗಿದ ಮೇಲೆ ಮಸೀದಿಯ ಒಳಾಂಗಣದಲ್ಲಿ ನಡೆಯುವ ಮಹಾಸಭೆಯಲ್ಲಿ, ಲೆಕ್ಕಪತ್ರ ಮಂಡನೆಯ ಹೊತ್ತಿನಲ್ಲಿ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಪ್ರಕರಣ. ಅದರ ನಡುವೆ ಇರುವುದು ಝಕಾತ್, ಅಂದರೆ ಅನುಕೂಲಸ್ಥ ಮುಸ್ಲಿಮರು ತಮ್ಮ ಸಂಪತ್ತಿನಿಂದ ವರ್ಷಕ್ಕೊಮ್ಮೆ ಬಡವರು ಮೊದಲಾದ ಹಕ್ಕುದಾರರಿಗೆ ಕಡ್ಡಾಯವಾಗಿ ಕೊಡಬೇಕಾದ ಪಾಲು.

ನೇತ್ರಾವತಿಯ ಆಚೆ ದಡದಿಂದ ಒಳಗೆ ಹೋದರೆ ಸಿಗುವ ಜಮಾಅತ್, ಅಂದರೆ ಒಂದು ಮಸೀದಿಗೆ ಸೇರಿದ ಮನೆಗಳ ಸಮುದಾಯ, ಅದು. ಮುನ್ನೂರರ ಆಸುಪಾಸಿನ ಮನೆಗಳು, ಬಹುತೇಕ ಎಲ್ಲರೂ ಬ್ಯಾರಿಗಳು. ಮೀನು, ಮರ, ಬಟ್ಟೆ ವ್ಯಾಪಾರದವರು, ಆಟೋ ಓಡಿಸುವವರು, ಬೀಡಿ ಕಟ್ಟುವ ಹೆಂಗಸರು, ಸ್ವಲ್ಪ ಅಡಿಕೆ ತೋಟ ಇರುವವರು. ಬಹಳಷ್ಟು ಮನೆಗಳಿಂದ ಒಬ್ಬರಾದರೂ ಕೊಲ್ಲಿ ರಾಷ್ಟ್ರದಲ್ಲಿದ್ದಾರೆ. ಊರಿನ ಹೆಸರಾಗಲಿ ಜನರ ಹೆಸರಾಗಲಿ ಬರೆಯುವುದಿಲ್ಲ, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಕಲಿಸುವವನು. ಲೆಕ್ಕದ ನಮೂನೆ ಮಾಡಿಕೊಡಿ ಎಂದು ಕರೆದಿದ್ದರು, ಹಾಗಾಗಿ ಒಳಗಿನ ಮಾತುಕತೆ ಕಿವಿಗೆ ಬಿತ್ತು.

ಗೇಟಿನ ಹೊರಗಿನ ಸಾಲು

2024ರ ರಮಳಾನಿನ, ಅಂದರೆ ರಂಜಾನ್ ಉಪವಾಸದ ತಿಂಗಳಿನ, ಇಪ್ಪತ್ತೇಳನೆಯ ರಾತ್ರಿಯ ಸಂಜೆ. ಊರಿನ ಅನುಕೂಲಸ್ಥ ಹಾಜಿಯೊಬ್ಬರ ಮನೆಯ ಗೇಟಿನ ಮುಂದೆ ಎಂದಿನಂತೆ ಹೆಂಗಸರ ಸಾಲು. ಒಳಗಿನಿಂದ ಒಬ್ಬ ಹುಡುಗ ಝಕಾತ್ ಹಣದ ಲಕೋಟೆಗಳ ಕಟ್ಟು ತಂದು ಒಬ್ಬೊಬ್ಬರಿಗೂ ಒಂದೊಂದು ಕೊಡುತ್ತಿದ್ದ. ಸಾಲಿನಲ್ಲಿ ಅರ್ಧದಷ್ಟು ಜನ ಊರಿನವರೇ ಅಲ್ಲ, ಬಸ್ಸು ಹಿಡಿದು ಮನೆ ಮನೆ ಸುತ್ತುವವರು. ಅವರ ನಡುವೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿಸಿದ್ದ ಊರಿನ ಹುಡುಗಿಯೊಬ್ಬಳು ತಾಯಿಯ ಪಕ್ಕ ನಿಂತಿದ್ದಳು. ಯಾರೋ ಆ ಸಾಲನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿಕೊಂಡರು. ಹಾಜಿಯವರ ಔದಾರ್ಯವನ್ನು ಹೊಗಳುವುದೇ ಉದ್ದೇಶವಾಗಿತ್ತಂತೆ. ಹುಡುಗಿಯ ಮುಖ ನಿಚ್ಚಳವಾಗಿ ಕಾಣುತ್ತಿತ್ತು. ರಾತ್ರಿಯ ತರಾವೀಹ್ ನಮಾಝ್ ಮುಗಿಯುವ ಹೊತ್ತಿಗೆ ಅದು ಅವಳ ತರಗತಿಯ ಗುಂಪಿನಲ್ಲೂ ಇತ್ತು.

ಇದನ್ನು ಕಂಡು ಕೆರಳಿದವರು ಮೂವರು. ಒಬ್ಬ ಚಾರ್ಟರ್ಡ್ ಅಕೌಂಟೆಂಟ್, ಇನ್ನೊಬ್ಬ ಸಾಫ್ಟ್‌ವೇರ್ ಕೆಲಸದವನು, ಮೂರನೆಯವನು ಪಾಲಿಟೆಕ್ನಿಕ್ ಓದಿ ಕೆಲವು ವರ್ಷ ಸೌದಿಯಲ್ಲಿದ್ದು ಮರಳಿ ಬಂದು ಏಸಿ ರಿಪೇರಿ ಮಾಡುವವನು. ಮೂವರೂ ಆ ಮಸೀದಿಯ ಮದ್ರಸದಲ್ಲೇ ಓದಿದವರು, ಐದು ಹೊತ್ತಿನ ನಮಾಝಿಗೆ ಬರುವವರು. ಇವರನ್ನು ಧರ್ಮದಿಂದ ದೂರ ಸರಿದ ಹೊಸ ತಲೆಮಾರು ಎಂದು ಯಾರೂ ಹೇಳುವಂತಿರಲಿಲ್ಲ.

ಶುಲ್ಕದ ಚಿಂತೆಯೂ ಹೊಸದಾಗಿ ತಲೆ ಎತ್ತಿತ್ತು. ಕೇಂದ್ರದ ಮೆಟ್ರಿಕ್ ಪೂರ್ವ ಅಲ್ಪಸಂಖ್ಯಾತ ವಿದ್ಯಾರ್ಥಿವೇತನ 2022-23ರಿಂದ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಮಾತ್ರ ಸೀಮಿತವಾಯಿತು. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅದೇ ವರ್ಷದಿಂದ ನಿಂತಿತು. ಇತ್ತ ಊರಿನಲ್ಲಿ ಪ್ರತಿ ರಮಳಾನಿನಲ್ಲೂ ಲಕ್ಷಗಟ್ಟಲೆ ಹಣ ಲಕೋಟೆಗಳಲ್ಲಿ ಹರಿದುಹೋಗುತ್ತಿತ್ತು, ಜೂನ್ ತಿಂಗಳಲ್ಲಿ ಪಿಯುಸಿಗೆ ಸೇರಿಸಲು ತಾಯಂದಿರು ಬಳೆ ಅಡವಿಡುತ್ತಿದ್ದರು.

ಯೋಜನೆ

ಮೂವರೂ ಸೇರಿ ಒಂದು ಕರಪತ್ರ ಸಿದ್ಧಪಡಿಸಿದರು. ಒಂದು ಟ್ರಸ್ಟ್ ನೋಂದಾಯಿಸುವುದು, ಅದರ ಹೆಸರಿನಲ್ಲಿ ಬ್ಯಾಂಕ್ ಖಾತೆ, ಮಸೀದಿಯ ಬಾಗಿಲಲ್ಲಿ ಕ್ಯೂಆರ್ ಕೋಡ್. ರಮಳಾನಿನಲ್ಲಿ ಎಲ್ಲರ ಝಕಾತ್ ಒಟ್ಟುಗೂಡಿಸಿ ವರ್ಷವಿಡೀ ಅಗತ್ಯ ನೋಡಿ ಹಂಚುವುದು. ಶೇಕಡಾ ಹತ್ತು ಆಡಳಿತ ವೆಚ್ಚಕ್ಕೆ. ಮೂರನೆಯ ವರ್ಷಕ್ಕೆ ಒಂದು ಕಂಪ್ಯೂಟರ್ ಕೇಂದ್ರ. ಟ್ರಸ್ಟಿಗೆ ಚಂದದ ಇಂಗ್ಲಿಷ್ ಹೆಸರೊಂದನ್ನೂ ಹುಡುಕಿ ಲಾಂಛನ ಬರೆಸಿದ್ದರು. ನನ್ನ ಅನುಭವದಲ್ಲಿ ಕೆಲಸಕ್ಕಿಂತ ಮೊದಲು ಲಾಂಛನ ಹುಟ್ಟಿದ ಕಡೆ ಸ್ವಲ್ಪ ಎಚ್ಚರ ಬೇಕು, ಆದರೆ ಇವರ ಉತ್ಸಾಹದಲ್ಲಿ ಕಪಟವಿರಲಿಲ್ಲ.

ಪೆರ್ನಾಲ್, ಅಂದರೆ ಈದ್ ಹಬ್ಬ, ಮುಗಿದ ಮೇಲೆ ನಡೆದ ಮಹಾಸಭೆಯಲ್ಲಿ ಕರಪತ್ರ ಹಂಚಿದರು. ಮಸೀದಿಯ ಧರ್ಮಗುರುಗಳಾದ ಖತೀಬರು ಓದಿ ಮಡಚಿಟ್ಟು, "ಇದು ಹೀಗೆ ಆಗುವುದಿಲ್ಲ ಮೋನೇ, ಇದರಿಂದ ಕೊಟ್ಟವರ ಝಕಾತ್ ಸಲ್ಲುವುದಿಲ್ಲ" ಎಂದರು. ಅಷ್ಟೇ. ಮುಂದೆ ವಿವರಿಸಲಿಲ್ಲ.

ಸಭೆ ಅಲ್ಲಿಂದ ದಿಕ್ಕು ತಪ್ಪಿತು. ಹಿರಿಯರೊಬ್ಬರು, ಇದು ಇನ್ನೊಂದು ಸಂಘಟನೆಯವರ ಯೋಜನೆ, ಇವರ ಬಾಯಿಂದ ಹೇಳಿಸುತ್ತಿದ್ದಾರೆ ಎಂದುಬಿಟ್ಟರು. ಆ ಮಾತಿಗೆ ಹಿನ್ನೆಲೆ ಇದೆ. ಸಾಮೂಹಿಕ ಝಕಾತ್ ಸಂಗ್ರಹದ ವಿಚಾರ ಕೇರಳದಲ್ಲಿ ಸುನ್ನಿ ಧರ್ಮವಿದ್ವಾಂಸರಾದ ಉಲಮಾಗಳಿಗೂ ಸಲಫಿ ಮತ್ತು ಜಮಾಅತೆ ಇಸ್ಲಾಮಿ ಧಾರೆಗಳಿಗೂ ನಡುವೆ ಬಹುಕಾಲದಿಂದ ಇರುವ ತಕರಾರು. ನಮ್ಮ ಕರಾವಳಿಯ ಬ್ಯಾರಿ ಮಸೀದಿಗಳು ವಿದ್ವತ್ತಿನ ವಿಚಾರದಲ್ಲಿ ದಕ್ಷಿಣಕ್ಕೇ ಮುಖ ಮಾಡಿವೆ. 2024ರಲ್ಲಿ ರಾಜ್ಯದ ಉಳಿದ ಭಾಗ ಏಪ್ರಿಲ್ 11ಕ್ಕೆ ಹಬ್ಬ ಮಾಡಿದಾಗ ಇಲ್ಲಿಯವರು ಕೇರಳದ ಜೊತೆ 10ರಂದೇ ಮಾಡಿದ್ದು ಎಲ್ಲರಿಗೂ ನೆನಪಿರಬಹುದು. 1926ರಲ್ಲಿ ಸ್ಥಾಪನೆಯಾದ, 'ಸಮಸ್ತ' ಎಂಬ ಹೆಸರಿನ ಕೇರಳದ ಸುನ್ನಿ ಉಲಮಾ ಸಂಘಟನೆ 1989ರಲ್ಲಿ ಹೋಳಾದಾಗ ಅದರ ಬಿರುಕು ಇಲ್ಲಿನ ಹಳ್ಳಿ ಹಳ್ಳಿಯ ಮಸೀದಿಗಳವರೆಗೂ ಬಂತು. ಹೀಗಾಗಿ ಯಾವ ಹೊಸ ಮಾತು ಬಂದರೂ ಇದು ಯಾರ ಕಡೆಯದು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಮಾತು ಸರಿಯೇ ಎಂಬ ಪ್ರಶ್ನೆಗೆ ಸರದಿ ಬರುವಷ್ಟರಲ್ಲಿ ಸಂಜೆಯ ಅಸರ್ ನಮಾಝಿನ ಬಾಂಗ್ ಆಗಿರುತ್ತದೆ.

ಯುವಕರು ಎದ್ದು ಹೋದರು. ಕೆಲವು ತಿಂಗಳು ಕಮಿಟಿಯವರ ಜೊತೆ ಮಾತಿಲ್ಲ. ಹಿರಿಯರಿಗೆ ಯಥಾಸ್ಥಿತಿ ಬೇಕು, ಉಸ್ತಾದರಾದ ಖತೀಬರು ಅದಕ್ಕೆ ಧರ್ಮಶಾಸ್ತ್ರದ ಕಿತಾಬಿನ ಮುದ್ರೆ ಒತ್ತುತ್ತಾರೆ ಎಂಬುದು ಅವರ ತೀರ್ಮಾನವಾಗಿತ್ತು. ಅರ್ಧ ಸತ್ಯ ಅದು.

ಆಕ್ಷೇಪದ ಒಳಗೆ ಏನಿತ್ತು

ಮುರಿದದ್ದನ್ನು ಜೋಡಿಸಿದವನು ಏಸಿ ರಿಪೇರಿಯ ಹುಡುಗ. ಮಸೀದಿಯಲ್ಲಿ ಧರ್ಮಪಾಠ ನಡೆಯುವ ದರ್ಸ್ ಕೋಣೆಯ ಏಸಿ ಕೆಟ್ಟಾಗ ಹೋದವನು ಕೆಲಸ ಮುಗಿಸಿ, "ಉಸ್ತಾದರೇ, ಆಗುವುದಿಲ್ಲ ಎಂದಿರಿ. ಹೇಗೆ ಮಾಡಿದರೆ ಆಗುತ್ತದೆ ಎಂದು ಹೇಳಲಿಲ್ಲವಲ್ಲ" ಎಂದು ಕೇಳಿದ. ಖತೀಬರು ನಕ್ಕು, "ನೀವು ಕೇಳಲಿಲ್ಲ" ಎಂದರಂತೆ. ಈ ಉತ್ತರ ನನಗೆ ಇಂದಿಗೂ ಹಿಡಿಸಿಲ್ಲ. ದಾರಿ ಗೊತ್ತಿದ್ದ ಮನುಷ್ಯ ಸಭೆಯಲ್ಲೇ ಎರಡು ಮಾತು ಹೆಚ್ಚು ಆಡಿದ್ದರೆ ಅಷ್ಟು ತಿಂಗಳು ಉಳಿಯುತ್ತಿತ್ತು. ಇರಲಿ, ಮಗ್ರಿಬ್ ಮತ್ತು ಇಶಾ ನಮಾಝುಗಳ ನಡುವೆ ಪಾಠ ಶುರುವಾಯಿತು. ಮುಂದಿಟ್ಟುಕೊಂಡದ್ದು ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೆಯ ಶತಮಾನದಲ್ಲಿ ಬರೆದ, ಈ ಭಾಗದ ದರ್ಸ್‌ಗಳಲ್ಲಿ ಇಂದಿಗೂ ಓದಿಸುವ ಧರ್ಮಶಾಸ್ತ್ರ ಗ್ರಂಥ 'ಫತ್ಹುಲ್ ಮುಈನ್'.

ಇಲ್ಲಿಯವರು ಅನುಸರಿಸುವ ಶಾಫಿಈ ಮದ್‌ಹಬಿನ, ಅಂದರೆ ಧರ್ಮಶಾಸ್ತ್ರ ಪಂಥದ, ಪ್ರಕಾರ ಝಕಾತ್ ತಲುಪಿಸಲು ಮೂರು ದಾರಿ. ಕೊಡುವವನು ತಾನೇ ಹಕ್ಕುದಾರನ ಕೈಗೆ ಕೊಡಬಹುದು. ಇಸ್ಲಾಮೀ ಆಡಳಿತದ ಮುಖ್ಯಸ್ಥನಿಗೆ, ಅಂದರೆ ಇಮಾಮನಿಗೆ ಒಪ್ಪಿಸಬಹುದು. ಇಲ್ಲವೇ ತನ್ನ ಪರವಾಗಿ ಹಂಚಲು ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ವಕೀಲನಾಗಿ, ಅಂದರೆ ಪ್ರತಿನಿಧಿಯಾಗಿ, ನೇಮಿಸಬಹುದು. ಇಮಾಮನ ಕೈಗೆ ಹಣ ಸೇರಿದ ಕ್ಷಣವೇ ಕೊಟ್ಟವನ ಹೊಣೆ ತೀರುತ್ತದೆ. ವಕೀಲನ ಕೈಗೆ ಸೇರಿದರೆ ತೀರುವುದಿಲ್ಲ, ಬಡವನ ಕೈ ಸೇರಿದ ಮೇಲೆಯೇ ತೀರುತ್ತದೆ. ಮಸೀದಿ ಕಮಿಟಿಯಾಗಲಿ ಟ್ರಸ್ಟಾಗಲಿ ಇಮಾಮ್ ಅಲ್ಲ. 'ಟ್ರಸ್ಟ್' ಎಂಬ ಹೆಸರು ನಿರ್ದಿಷ್ಟ ವ್ಯಕ್ತಿಯೂ ಅಲ್ಲ.

ಲೆಕ್ಕ ಕಲಿಸುವ ನನಗೆ ಇಲ್ಲಿ ಕಣ್ಣು ತೆರೆಯಿತು. ಯುವಕರ ಕರಪತ್ರದಲ್ಲಿ ವರ್ಷಾಂತ್ಯಕ್ಕೆ ನಿಧಿಯಲ್ಲಿ ಉಳಿಯುವ ಮೊತ್ತವನ್ನು ಹೆಮ್ಮೆಯಿಂದ ಅಂದಾಜಿಸಲಾಗಿತ್ತು. ಸಂಸ್ಥೆಗಳ ಲೆಕ್ಕದಲ್ಲಿ ಉಳಿಕೆ ಎಂದರೆ ಆರೋಗ್ಯದ ಲಕ್ಷಣ. ಖತೀಬರ ಲೆಕ್ಕದಲ್ಲಿ ಆ ಉಳಿಕೆಯ ಪ್ರತಿ ರೂಪಾಯಿಯೂ ಯಾರದೋ ತಲೆಯ ಮೇಲೆ ಇನ್ನೂ ತೀರದೆ ಕುಳಿತ ಸಾಲ. ಹಕ್ಕುದಾರರು ಎದುರಿಗಿರುವಾಗ ಝಕಾತ್ ತಡಮಾಡುವುದು ತಪ್ಪು, ಆ ತಪ್ಪನ್ನು ಯೋಜನೆಯಾಗಿಯೇ ಬರೆದಿದ್ದರು.

ಒಂದೊಂದಾಗಿ ಉಳಿದ ಕಲಮುಗಳೂ ಬಿದ್ದವು. ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೆಯ ವಚನ ಎಂಟು ಬಗೆಯ ಹಕ್ಕುದಾರರನ್ನು ಹೆಸರಿಸುತ್ತದೆ. ಅದರಲ್ಲಿ ಸಂಗ್ರಹಿಸುವ ಕಾರ್ಯಕರ್ತರೂ ಇದ್ದಾರೆ, ಆದರೆ ಅವರು ಇಮಾಮ್ ನೇಮಿಸಿದವರು. ಆದ್ದರಿಂದ ಶೇಕಡಾ ಹತ್ತರ ಆಡಳಿತ ವೆಚ್ಚಕ್ಕೆ ಆಧಾರವಿಲ್ಲ. ಕಂಪ್ಯೂಟರ್ ಕೇಂದ್ರವೂ ಇಲ್ಲ, ಏಕೆಂದರೆ ಹಣ ಬಡವನ ಸ್ವಂತದ್ದಾಗಬೇಕು, ಕಟ್ಟಡಕ್ಕೆ ಸುರಿಯುವಂತಿಲ್ಲ. ಕಾಲೇಜಿಗೆ ನೇರವಾಗಿ ಶುಲ್ಕ ಕಟ್ಟುವುದಾದರೂ ವಿದ್ಯಾರ್ಥಿ ಅಥವಾ ಪೋಷಕರು ಹಣವನ್ನು ತಮ್ಮದಾಗಿ ಪಡೆದು, ಕಟ್ಟಿಬನ್ನಿ ಎಂದು ಒಪ್ಪಿಸಬೇಕು.

ಹಾಗಿದ್ದರೆ ಜೂನ್ ತಿಂಗಳ ಶುಲ್ಕಕ್ಕೆ ಗತಿ? ಚಾಂದ್ರಮಾನದ ರಮಳಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಕಾಲೇಜುಗಳು ಮಾತ್ರ ಜೂನ್ ಬಿಟ್ಟು ಕದಲುವುದಿಲ್ಲ. ಮುಂದಿನ ವರ್ಷಗಳಲ್ಲಿ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಇದಕ್ಕೂ ದಾರಿ ತೋರಿಸಿದವರು ಖತೀಬರೇ. ಒಂದು, ಝಕಾತಿನ ವರ್ಷ ರಮಳಾನಿಗೇ ಮುಗಿಯಬೇಕೆಂದಿಲ್ಲ; ಸಂಪತ್ತು ನಿಸಾಬ್, ಅಂದರೆ ಝಕಾತ್ ಕಡ್ಡಾಯವಾಗುವ ಕನಿಷ್ಠ ಮಿತಿ, ತಲುಪಿ ಒಂದು ಚಾಂದ್ರ ವರ್ಷ ತುಂಬಿದ ದಿನ ಯಾವುದೋ ಅದೇ ದಿನ, ವ್ಯಾಪಾರಿಗಾದರೆ ವ್ಯಾಪಾರ ಶುರುಮಾಡಿದ ದಿನದಿಂದ ಒಂದು ವರ್ಷ. ಪುಣ್ಯ ಹೆಚ್ಚೆಂದು ಎಲ್ಲರೂ ರಮಳಾನಿಗೆ ತಳ್ಳಿಕೊಂಡು ಬಂದದ್ದು ರೂಢಿ. ಎರಡು, ಬರಲಿರುವ ವರ್ಷದ ಝಕಾತನ್ನು ಮುಂಗಡವಾಗಿ ಕೊಡಲು ಷರತ್ತುಗಳೊಂದಿಗೆ ಅನುಮತಿ ಇದೆ, ತಅಜೀಲ್ ಎನ್ನುತ್ತಾರೆ. ಅಂದರೆ ಹಣವನ್ನು ರಮಳಾನಿನಲ್ಲಿ ಕೂಡಿಸಿ ಜೂನ್‌ವರೆಗೆ ಕಾಪಾಡುವ ಬದಲು ಜೂನ್‌ನಲ್ಲೇ ಕೇಳಿ ಜೂನ್‌ನಲ್ಲೇ ಕೊಡಬಹುದು. ನಿಧಿಯೇ ಬೇಕಿಲ್ಲ!

ಯುವಕರ ವಿದ್ಯೆ ಕೆಲಸಕ್ಕೆ ಬಂದದ್ದು

ಖತೀಬರಿಗೆ ಗೊತ್ತಿಲ್ಲದ ಸಂಗತಿಯೂ ಇತ್ತು, ಅದು ಅಂಗಡಿಗಳ ಒಳಲೆಕ್ಕ. ಬಟ್ಟೆ ಅಂಗಡಿಯವರೊಬ್ಬರು ಒಪ್ಪಿದರು, ಚಾರ್ಟರ್ಡ್ ಅಕೌಂಟೆಂಟ್ ಹುಡುಗ ಅವರ ದಾಸ್ತಾನು ಎಣಿಸಲು ಕುಳಿತ. ನಾನೂ ಜೊತೆಗಿದ್ದೆ. ಕಪಾಟು, ಫ್ಯಾನು, ಡೆಲಿವರಿ ವ್ಯಾನು ಲೆಕ್ಕಕ್ಕಿಲ್ಲ, ಮಾರಲು ಇಟ್ಟ ಸರಕಿಗೆ ವರ್ಷ ಮುಗಿದ ದಿನದ ಮಾರುಕಟ್ಟೆ ಬೆಲೆ, ಗಲ್ಲಾದಲ್ಲಿನ ನಗದು, ವಸೂಲಾಗುವ ಬಾಕಿ. ಅಟ್ಟದ ಮೇಲೆ ಮೂರು ವರ್ಷದಿಂದ ಮಾರಾಟವಾಗದ ಮದುವೆ ಸೀರೆಗಳ ಗಂಟೊಂದಿತ್ತು. ಅದಕ್ಕೂ ಬೆಲೆ ಕಟ್ಟಬೇಕು, ಆದರೆ ಇಂದು ಯಾವ ಬೆಲೆಗೆ ಹೋಗುತ್ತದೋ ಆ ಬೆಲೆ. ನಿಸಾಬ್ 595 ಗ್ರಾಂ ಬೆಳ್ಳಿಯ ಮೌಲ್ಯ, ದರ ಶೇಕಡಾ ಎರಡೂವರೆ. ಮೊತ್ತ ಕೂಡಿಸಿ ತೋರಿಸಿದಾಗ ಅಂಗಡಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟು ವರ್ಷ ಅಂದಾಜಿನಲ್ಲಿ ಹಂಚುತ್ತಿದ್ದ ಲಕೋಟೆಗಳಿಗಿಂತ ಎಷ್ಟೋ ಪಾಲು ಹೆಚ್ಚು ಅದು. ದಾನಿ ಎಂದು ಹೆಸರಾದ ಮನುಷ್ಯ ಬಾಕಿದಾರನೆಂದು ಆ ಹಾಳೆ ಹೇಳುತ್ತಿತ್ತು.

ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. ಗೇಟಿನ ಮುಂದಿನ ಸಾಲು ಪಡೆಯುವವರ ಮಾನ ಕಳೆಯುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಅದು ಕೊಡುವವರ ಲೆಕ್ಕವನ್ನೂ ಮರೆಮಾಚುತ್ತಿತ್ತು ಎಂಬುದು ಎಣಿಸಿದ ಮೇಲೆಯೇ ಹೊರಬಂತು. ಆ ಎಣಿಕೆಗೆ ಕಿತಾಬು ಬಲ್ಲವರೂ ಬೇಕಿತ್ತು, ಬ್ಯಾಲೆನ್ಸ್ ಶೀಟ್ ಬಲ್ಲವರೂ ಬೇಕಿತ್ತು.

ಚಿನ್ನದ ಲೆಕ್ಕ ಹೆಂಗಸರ ಕಡೆಯಿಂದ ಬಂತು. ಊರಿನ ಶಾಲೆಯಲ್ಲಿ ಕಲಿಸುವ, ಬಿ.ಎಡ್. ಮಾಡಿದ ಒಬ್ಬ ಯುವತಿ ಇದರಲ್ಲಿ ಮುಂದಾದಳು. ಹನಫೀ ಮದ್‌ಹಬಿನಲ್ಲಿ ಧರಿಸುವ ಒಡವೆಗೂ ಝಕಾತ್ ಇದೆ. ಶಾಫಿಈಯಲ್ಲಿ ಹೆಂಗಸರು ವಾಡಿಕೆಯ ಮಿತಿಯಲ್ಲಿ ಧರಿಸುವ ಒಡವೆಗೆ ಇಲ್ಲ. ಈ ವಿನಾಯಿತಿಯನ್ನು ಜನ ಎಲ್ಲ ಚಿನ್ನಕ್ಕೂ ಹಿಗ್ಗಿಸಿಕೊಂಡಿದ್ದರು. ಕೂಡಿಡಲೆಂದೇ ಲಾಕರಿನಲ್ಲಿಟ್ಟ ನಾಣ್ಯ, ಗಟ್ಟಿ, ಮಿತಿ ಮೀರಿದ ಒಡವೆ 85 ಗ್ರಾಂ ದಾಟಿದರೆ, ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ ಹತ್ತೂವರೆ ಪವನಿಗಿಂತ ತುಸು ಹೆಚ್ಚಾದರೆ, ಝಕಾತ್ ಬರುತ್ತದೆ. ಅಡಿಕೆ ಬೆಳೆಗಾರರಿಗೆ ಸಿಹಿ ಸುದ್ದಿಯೂ ಇತ್ತು: ಆಹಾರ ಧಾನ್ಯವಾದ ಭತ್ತಕ್ಕೆ ಫಸಲಿನ ಝಕಾತ್ ಇದೆ, ಅಡಿಕೆ ತೆಂಗಿಗೆ ಇಲ್ಲ, ಮಾರಿದ ಹಣ ವರ್ಷವಿಡೀ ಉಳಿದರೆ ಮಾತ್ರ ಇದೆ.

ಅದೇ ಯುವತಿ ಇನ್ನಿಬ್ಬರು ಹೆಂಗಸರೊಂದಿಗೆ ಮನೆ ಮನೆಗೆ ಹೋಗಿ ಹಕ್ಕುದಾರರ ಪಟ್ಟಿ ಮಾಡಿದಳು. ಗಂಡಸರು ಮಾಡಿದ್ದರೆ ಆ ಪಟ್ಟಿ ಬೇರೆಯೇ ಆಗುತ್ತಿತ್ತು. ಗಂಡ ತೀರಿದ ಮೇಲೆ ಕಾಯಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್‌ನಲ್ಲಿ ಮನೆಯೊಳಗೇ ಇದ್ದ ವಿಧವೆ ಯಾವ ಸಾಲಿನಲ್ಲೂ ನಿಂತಿರಲಿಲ್ಲ. ಗಂಡ ದುಬೈಯಲ್ಲಿದ್ದಾನೆ ಎಂದು ಊರೆಲ್ಲ ಅನುಕೂಲಸ್ಥಳೆಂದುಕೊಂಡಿದ್ದ ಇನ್ನೊಬ್ಬಳಿಗೆ ಎರಡು ವರ್ಷದಿಂದ ಹಣ ಬಂದಿರಲಿಲ್ಲ. ಪಟ್ಟಿಯ ಹಾಳೆಯನ್ನು ನಾನೂ ಪೂರ್ತಿ ನೋಡಿಲ್ಲ, ನೋಡಲು ಬಿಡಲಿಲ್ಲ. ಸರಿಯಾಗಿಯೇ ಮಾಡಿದರು.

ಎರಡು ಖಾತೆ

ಪಟ್ಟಿಯಲ್ಲಿ ಒಂದು ತಂಙಳ್ ಕುಟುಂಬವಿತ್ತು. ಪ್ರವಾದಿಯವರ ವಂಶಸ್ಥರೆಂದು ಊರು ಗೌರವಿಸುವ ಮನೆ, ಒಳಗೆ ಕಡುಬಡತನ. ಪ್ರವಾದಿ ವಂಶದವರು ಝಕಾತ್ ಪಡೆಯುವಂತಿಲ್ಲ. ಗೌರವವೇ ಆ ಮನೆಯ ಬಾಗಿಲನ್ನು ಮುಚ್ಚಿತ್ತು. ಮಸೀದಿಯ ಹಿಂದಿನ ಮೊಗವೀರ ಮನೆಯೊಂದರಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಹಿರಿಯರಿದ್ದರು. ಶಾಫಿಈ ಪ್ರಕಾರ ಝಕಾತ್ ಮುಸ್ಲಿಮೇತರರಿಗೆ ಸಲ್ಲುವುದಿಲ್ಲ, ಆದರೆ ಐಚ್ಛಿಕ ದಾನವಾದ ಸದಕಾಗೆ ಇಂಥ ಯಾವ ಕಟ್ಟೂ ಇಲ್ಲ. ಹೀಗಾಗಿ ಎರಡು ಪ್ರತ್ಯೇಕ ಖಾತೆ, ಎರಡು ಪುಸ್ತಕ ಎಂದು ತೀರ್ಮಾನವಾಯಿತು. ಝಕಾತ್ ಪುಸ್ತಕದಲ್ಲಿ ಪ್ರತಿ ಕೊಡುಗೆಯ ಎದುರು ಯಾರು, ಯಾರನ್ನು ವಕೀಲನಾಗಿ ನೇಮಿಸಿದರು, ಯಾವ ದಿನ ಹಕ್ಕುದಾರರ ಕೈ ಸೇರಿತು ಎಂಬ ಮೂರು ಕಂಬಸಾಲು. ನಾನು ಮಾಡಿಕೊಟ್ಟ ನಮೂನೆ ಇದೇ. ಮೂರನೆಯ ಕಂಬಸಾಲು ತುಂಬಿದ ಮೇಲೆ ಕೊಟ್ಟವರ ಮೊಬೈಲಿಗೆ, "ನಿಮ್ಮ ಝಕಾತ್ ತಲುಪಿದೆ" ಎಂಬ ಸಂದೇಶ ಹೋಗುತ್ತದೆ, ಪಡೆದವರ ಹೆಸರಿಲ್ಲದೆ. ಸಾಫ್ಟ್‌ವೇರ್ ಹುಡುಗನ ಪಾಲಿನ ಕೆಲಸ ಅದು.

ಟ್ರಸ್ಟ್ ಕೈಬಿಟ್ಟದ್ದಕ್ಕೆ ಕಾನೂನಿನ ಕಾರಣವೂ ಇತ್ತು. ತೆರಿಗೆ ವಿನಾಯಿತಿ ಸಿಗುತ್ತದೆ ಎಂಬುದು ಮೊದಲ ಆಕರ್ಷಣೆಯಾಗಿತ್ತು, ಆದರೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಸೌಲಭ್ಯ ನಿರ್ದಿಷ್ಟ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆಂದೇ ಇರುವ ಸಂಸ್ಥೆಗಳಿಗೆ ದಕ್ಕುತ್ತಿರಲಿಲ್ಲ. ಕೊಲ್ಲಿಯಿಂದ ಬರುವ ಹಣದ ಬಗ್ಗೆ ಭಯವಿತ್ತು. ಭಾರತೀಯ ಪೌರತ್ವ ಇರುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಾಗುವುದಿಲ್ಲ ಎಂದು ಚಾರ್ಟರ್ಡ್ ಅಕೌಂಟೆಂಟ್ ಸ್ಪಷ್ಟಪಡಿಸಿದ. ಅದಕ್ಕೆ ಖತೀಬರ ತಿದ್ದುಪಡಿ: ಸಂಪತ್ತು ಇರುವ ಊರಿನಲ್ಲೇ ಝಕಾತ್ ಹಂಚಬೇಕೆಂಬುದು ಶಾಫಿಈಯ ಪ್ರಬಲ ಅಭಿಪ್ರಾಯ. ಮಂಗಳೂರಿನ ಬ್ಯಾಂಕಿನಲ್ಲಿಟ್ಟ ಉಳಿತಾಯಕ್ಕೆ ಇಲ್ಲಿ ಕೊಡಿ, ದುಬೈಯ ಅಂಗಡಿಯ ಸರಕಿಗೆ ಅಲ್ಲಿನ ಬಡವರನ್ನು ಹುಡುಕಿ.

ನಡೆದದ್ದು, ನಡೆಯದ್ದು

2025ರ ರಮಳಾನಿನಿಂದ ಮೂವರೂ ತಂತಮ್ಮ ಹೆಸರಿನಲ್ಲಿ ವಕೀಲರಾದರು. ಲಾಂಛನ ಇಲ್ಲ, ಬ್ಯಾನರ್ ಇಲ್ಲ. ಹಿಂದೆ ಟ್ರಸ್ಟಿನ ಹೆಸರಿಗೆ ಸಿಗಬೇಕಿದ್ದ ಕೀರ್ತಿಯ ಜಾಗದಲ್ಲಿ ಈಗ ವೈಯಕ್ತಿಕ ಹೊಣೆ ಬಂದು ಕುಳಿತಿತ್ತು. ಒಂದು ಲಕೋಟೆ ತಡವಾದರೂ ಕೇಳುವುದು ಅವರನ್ನೇ. ಒಬ್ಬನಿಗೆ ಇದು ಭಾರವೆನಿಸಿ ಮೊದಲ ತಿಂಗಳಲ್ಲೇ ನಿದ್ದೆಗೆಟ್ಟಿತು ಎಂದು ಅವನ ತಾಯಿ ಹೇಳಿದರು. ನಾಯಕತ್ವ ಶಿಬಿರಗಳಲ್ಲಿ ಕಲಿಸುವ ವಿಷಯ ಇದಲ್ಲ.

ಊರಿನ ಎಲ್ಲರೂ ಬಂದಿಲ್ಲ. ಬಟ್ಟೆ ಅಂಗಡಿಯವರು ಮತ್ತು ಕೊಲ್ಲಿಯಲ್ಲಿರುವ ಎಳೆಯರು ಬಂದರು. ಗೇಟಿನ ಹಾಜಿಯವರು ಮರದ ದಾಸ್ತಾನು ಎಣಿಸಲು ಬಿಡಲಿಲ್ಲ. ಇಪ್ಪತ್ತೇಳರ ಸಂಜೆ ಅವರ ಮನೆಯ ಮುಂದೆ ಸಾಲು ನಿಂತಿತು, ಊರಿನ ಹೆಂಗಸರು ಮಾತ್ರ ಅದರಲ್ಲಿ ಕಡಿಮೆ. ಮೊಬೈಲ್ ತೆಗೆಯಬಾರದೆಂದು ಅವರೇ ಹುಡುಗರಿಗೆ ತಾಕೀತು ಮಾಡಿದ್ದರು, ಅಷ್ಟರಮಟ್ಟಿಗೆ ಬದಲಾಗಿದ್ದರು. ಸ್ಟೇಟಸ್‌ನಲ್ಲಿ ಮುಖ ಕಂಡಿದ್ದ ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಆದರೆ ಅವಳ ಮೊದಲ ವರ್ಷದ ಶುಲ್ಕ ಕಟ್ಟಿದ್ದು ಈ ವ್ಯವಸ್ಥೆಯಲ್ಲ, ಅದಿನ್ನೂ ಹುಟ್ಟಿರಲಿಲ್ಲ. ತಾಯಿಯ ಬೀಡಿ ಹಣ ಮತ್ತು ಅಡವಿಟ್ಟ ಬಳೆ.

ಕಮಿಟಿ ಈ ಕೆಲಸವನ್ನು ತಡೆಯಲೂ ಇಲ್ಲ, ತನ್ನದೆಂದು ಒಪ್ಪಿಕೊಳ್ಳಲೂ ಇಲ್ಲ. ಖತೀಬರು ಜುಮಾ ಪೂರ್ವ ಭಾಷಣದಲ್ಲಿ ಒಮ್ಮೆ ತಅಜೀಲ್ ಬಗ್ಗೆ ಹೇಳಿದರು, ಯುವಕರ ಹೆಸರೆತ್ತಲಿಲ್ಲ. ಇದರಲ್ಲಿ ಹಿರಿಯರ ಮರ್ಜಿ ಕಾಯುವ ಜಾಣತನ ಎಷ್ಟು, ಎಳೆಯರಿಗೆ ಹೊಗಳಿಕೆ ತಲೆಗೇರದಿರಲಿ ಎಂಬ ಎಚ್ಚರ ಎಷ್ಟು ಎಂದು ನಾನು ಹೇಳಲಾರೆ. ಎರಡೂ ಇದ್ದಂತೆ ತೋರಿತು.

ಈಗ ಎದ್ದಿರುವ ತೊಡಕು ಬೇರೆ. ಏಸಿ ರಿಪೇರಿಯ ಹುಡುಗನಿಗೆ ಸೌದಿಯಿಂದ ಮತ್ತೆ ವೀಸಾ ಬಂದಿದೆ, ಹೋಗದೆ ವಿಧಿಯಿಲ್ಲ. ವಕಾಲತ್ತು ವ್ಯಕ್ತಿಗೆ ಕೊಟ್ಟದ್ದು, ಅವನು ಅದನ್ನು ತನ್ನಿಷ್ಟದಂತೆ ಇನ್ನೊಬ್ಬರಿಗೆ ದಾಟಿಸಿ ಹೊರಡುವಂತಿಲ್ಲ. ಅವನನ್ನು ನೇಮಿಸಿದ ಪ್ರತಿಯೊಬ್ಬರೂ ಹೊಸಬರನ್ನು ನೇಮಿಸಬೇಕು. ಕೊಡುವವರಲ್ಲಿ ಹಲವರು ಸೂಚಿಸಿದ್ದು ಪಟ್ಟಿ ಮಾಡಿದ ಆ ಶಿಕ್ಷಕಿಯನ್ನೇ. ಮಹಾಸಭೆಯಲ್ಲಿ ಹೆಂಗಸರಿಗೆ ಸದಸ್ಯತ್ವವಿಲ್ಲ. ಖತೀಬರನ್ನು ಕೇಳಿದಾಗ, ಝಕಾತ್ ಹಂಚುವ ವಕೀಲರು ಗಂಡಸೇ ಆಗಿರಬೇಕೆಂದು ಕಿತಾಬಿನಲ್ಲಿ ಷರತ್ತಿಲ್ಲ ಎಂದರು. ಅಧ್ಯಕ್ಷರು ವಿಷಯವನ್ನು ಮುಂದಿನ ಸಭೆಗೆ ಹಾಕಿದ್ದಾರೆ. ಅಲ್ಲಿಯವರೆಗೆ ಕಾಯದೆ ಕೆಲವರು ಆಗಲೇ ಅವಳಿಗೆ ಫೋನ್ ಮಾಡಿ ವಕಾಲತ್ತು ಒಪ್ಪಿಸಿದ್ದಾರೆ, ಅವಳು ಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ.